ಪ್ರಮಾಣಪತ್ರಕ್ಕೆ ತೂಕ ಬರುವುದೆಲ್ಲಿಂದ?

(ಜೇವರ್ಗಿ ತಾಲೂಕಿನ ಕೊಳಕೂರದಲ್ಲಿ ಪೋಷಕರು ಹಾಗೂ ಕಂಪ್ಯೂಟರ್ ತರಬೇತಿ ಕೇಂದ್ರಗಳನ್ನು ನಡೆಸುವವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮದು ತೊಗರಿಯ ನಾಡು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಹಾಗೆಂದು ಗಂಜಿನಲ್ಲಿ ಕುಳಿತ ವ್ಯಾಪಾರಿ ಚೀಲದ ಮೇಲಿನ ಅಕ್ಷರಗಳನ್ನು ಓದಿ ಹಣ ಎಣಿಸುವುದಿಲ್ಲ. ಚೀಲದ ಒಳಕ್ಕೆ ಕೈ ಇಳಿಸುತ್ತಾನೆ, ತಳದ ಕಾಳನ್ನು ಮೇಲೆತ್ತುತ್ತಾನೆ, ಹಲ್ಲಿನಲ್ಲಿ ಕಡಿದು ತೇವವಿದೆಯೇ ಎಂದು ನೋಡುತ್ತಾನೆ. ಒಂದು ಚೀಲ ತೊಗರಿಗೆ ಇಷ್ಟು ಪರೀಕ್ಷೆ ನಡೆಸುವ ನಾವು, ನಮ್ಮ ಮಗ ಅಥವಾ ಮಗಳ ಆಯುಷ್ಯದ ಒಂದು ವರ್ಷವನ್ನು ಕಂಪ್ಯೂಟರ್ ಕೇಂದ್ರವೊಂದಕ್ಕೆ ಒಪ್ಪಿಸುವಾಗ ಏನನ್ನು ಪರೀಕ್ಷಿಸುತ್ತೇವೆ? ಬಾಗಿಲ ಮೇಲಿನ ಫಲಕವನ್ನು; ಹೆಚ್ಚೆಂದರೆ ಒಳಗಿನ ಹವಾನಿಯಂತ್ರಣವನ್ನು!

ಆ ಫಲಕದ ಮೇಲೆ ಸಾಮಾನ್ಯವಾಗಿ ಎರಡು ಮಾತುಗಳಿರುತ್ತವೆ. ಒಂದು, 'ಸರಕಾರದಿಂದ ನೋಂದಾಯಿತ' ಎಂಬುದು. ನೋಂದಣಿ ಎಂದರೆ ಮಾನ್ಯತೆಯಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಭಜನಾ ಮಂಡಳಿಯೂ ನೋಂದಣಿಯಾಗುತ್ತದೆ, ಕ್ರಿಕೆಟ್ ಸಂಘವೂ ನೋಂದಣಿಯಾಗುತ್ತದೆ. ಇಂತಹದೊಂದು ಸಂಘ ಅಸ್ತಿತ್ವದಲ್ಲಿದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ; ಅಲ್ಲಿ ಏನು ಕಲಿಸುತ್ತಾರೆ ಎಂಬುದಕ್ಕಲ್ಲ. ಇನ್ನೊಂದು, ಐಎಸ್ಒ 9001 ಎಂಬ ಮುದ್ರೆ. ಅದು ಒಂದು ಸಂಸ್ಥೆಯ ಆಡಳಿತ ಕ್ರಮಕ್ಕೆ ಸಂಬಂಧಿಸಿದ ಮಾನದಂಡ. ಅದನ್ನು ಸರಿಯಾಗಿ ಪಾಲಿಸಿದರೆ ಒಳ್ಳೆಯದೇ. ಆದರೆ ಆ ಸಂಸ್ಥೆ ಕೊಡುವ ಡಿಪ್ಲೊಮಾಕ್ಕೆ ಸರಕಾರಿ ಕಚೇರಿಯಲ್ಲಿ ಬೆಲೆಯಿದೆ ಎಂಬ ಅರ್ಥ ಅದರಲ್ಲಿ ಎಳ್ಳಷ್ಟೂ ಇಲ್ಲ.

ಹಾಗಾದರೆ ಪ್ರಮಾಣಪತ್ರಕ್ಕೆ ತೂಕ ಬರುವುದೆಲ್ಲಿಂದ? ಕಲಿಸಿದವನೇ ತಕ್ಕಡಿಯನ್ನೂ ಹಿಡಿಯದಿದ್ದಾಗ ಬರುತ್ತದೆ. ಈ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

1980ರ ದಶಕದಲ್ಲಿ ದೇಶದಲ್ಲಿ ಖಾಸಗಿ ಕಂಪ್ಯೂಟರ್ ತರಬೇತಿ ಆರಂಭವಾಯಿತು. ಎನ್ಐಐಟಿ 1981ರಲ್ಲಿ, ಆಪ್ಟೆಕ್ 1986ರಲ್ಲಿ ಹುಟ್ಟಿದವು. ಅವುಗಳ ಬೆನ್ನಿಗೆ ಊರೂರಲ್ಲೂ ಸಣ್ಣಪುಟ್ಟ ಕೇಂದ್ರಗಳು ಎದ್ದವು. ಪ್ರತಿಯೊಬ್ಬರದೂ ತಮ್ಮದೇ ಪಠ್ಯ, ತಮ್ಮದೇ ಪರೀಕ್ಷೆ, ತಮ್ಮದೇ ಪ್ರಮಾಣಪತ್ರ. ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು ಎಂಬುದು ಕೆಲಸ ಕೊಡುವವನಿಗೂ ತಿಳಿಯದಾಯಿತು. ಆಗ ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನೊಂದಿಗೆ ಸೇರಿ 1990ರಲ್ಲಿ 'ಡೊಯೆಕ್' ಎಂದು ಹೆಸರಾದ ಯೋಜನೆಯನ್ನು ತಂದಿತು. ತಳಮಟ್ಟದ 'ಓ' ಲೆವೆಲ್‌ನಿಂದ ಮೊದಲ್ಗೊಂಡು 'ಎ', 'ಬಿ', 'ಸಿ' ಎಂದು ನಾಲ್ಕು ಮೆಟ್ಟಿಲುಗಳು. ಅದರ ಜೀವಾಳವಿದ್ದುದು ಒಂದು ಸರಳ ವ್ಯವಸ್ಥೆಯಲ್ಲಿ: ಕಲಿಸುವವರು ಖಾಸಗಿ ಸಂಸ್ಥೆಗಳು; ಪಠ್ಯವನ್ನು ನಿಗದಿ ಮಾಡುವುದು, ಪ್ರಶ್ನೆಪತ್ರಿಕೆ ತೆಗೆಯುವುದು, ಉತ್ತರ ತಿದ್ದುವುದು ಮಾತ್ರ ಕೇಂದ್ರದ ಸಂಸ್ಥೆ. ದಿಲ್ಲಿಯ ಹುಡುಗನಿಗೂ ಕಲಬುರಗಿಯ ಹುಡುಗಿಗೂ ಒಂದೇ ಪ್ರಶ್ನೆಪತ್ರಿಕೆ. 2011ರಲ್ಲಿ ಈ ಸಂಸ್ಥೆಗೆ 'ನೈಲಿಟ್' ಎಂಬ ಹೆಸರು ಬಂದಿತು. ಹೆಸರು ಬದಲಾದರೂ ಆ ವಿಭಜನೆ ಉಳಿಯಿತು.

ಉರ್ದು ಬಲ್ಲ ನಮ್ಮ ಕುಟುಂಬಗಳಿಗೆ ಇದರ ಇನ್ನೊಂದು ರೂಪ ಪರಿಚಿತವಾಗಿರಬಹುದು. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಪರಿಷತ್ತು ಸ್ವಯಂಸೇವಾ ಸಂಸ್ಥೆಗಳ ಮೂಲಕ ಒಂದು ವರ್ಷದ ಕಂಪ್ಯೂಟರ್ ಡಿಪ್ಲೊಮಾ ತರಗತಿಗಳನ್ನು ನಡೆಸುತ್ತ ಬಂತು. ಕಂಪ್ಯೂಟರ್ ಬಳಕೆ, ವ್ಯಾಪಾರದ ಲೆಕ್ಕ, ಬಹುಭಾಷಾ ಅಕ್ಷರ ಜೋಡಣೆ ಇವು ಅದರ ವಿಷಯಗಳು. ಅಲ್ಲಿಯೂ ಪರೀಕ್ಷೆಯನ್ನು ನೈಲಿಟ್‌ಗೆ ವಹಿಸಲಾಗಿತ್ತು. ಉರ್ದುವಿನ ಮಕ್ಕಳೆಂದು ಅವರಿಗೊಂದು ಬೇರೆಯ, ಸಡಿಲವಾದ ಪರೀಕ್ಷೆ ಮಾಡಲಿಲ್ಲ. ಇದನ್ನು ನಾನು ಪರಿಷತ್ತು ನಮಗೆ ತೋರಿದ ಗೌರವವೆಂದೇ ತಿಳಿಯುತ್ತೇನೆ.

ತಕ್ಕಡಿಯನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1996ರಲ್ಲಿ ಉದಾತ್ತ ಉದ್ದೇಶದಿಂದ ಹುಟ್ಟಿದ ಸಂಸ್ಥೆ. ಕಾಲೇಜಿನ ಮೆಟ್ಟಿಲು ಹತ್ತಲಾಗದವರ ಮನೆಬಾಗಿಲಿಗೆ ಪದವಿಯನ್ನು ಒಯ್ದದ್ದು ಅದು. ಆದರೆ ಮುಂದೆ ರಾಜ್ಯದ ಗಡಿಯಾಚೆಗಿನ ಖಾಸಗಿ ಸಂಸ್ಥೆಗಳೊಡನೆ ಸೇರಿ ತಾಂತ್ರಿಕ ಶಿಕ್ಷಣವನ್ನೂ ಒಳಗೊಂಡಂತೆ ಹಲವು ಕೋರ್ಸುಗಳನ್ನು ಹರಡಿತು. ನಿಯಮ ಮೀರಲಾಗಿದೆ ಎಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಮಾನ್ಯತೆಯನ್ನು ಮುಂದುವರಿಸಲಿಲ್ಲ. 2015ರ ಜೂನ್‌ನಲ್ಲಿ ಸಾರ್ವಜನಿಕ ಪ್ರಕಟಣೆಯನ್ನೇ ಹೊರಡಿಸಿತು. ಮಾನ್ಯತೆ ಮರಳಿ ಬರಲು 2018ರವರೆಗೆ ಕಾಯಬೇಕಾಯಿತು. ಈ ನಡುವೆ ಕೈಯಲ್ಲಿ ಪದವಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರು ಯಾರು? ಒಪ್ಪಂದಗಳಿಗೆ ಸಹಿ ಹಾಕಿದವರಲ್ಲ. ಶ್ರದ್ಧೆಯಿಂದ ಓದಿ ಪರೀಕ್ಷೆ ಬರೆದ ವಿದ್ಯಾರ್ಥಿಗಳೂ ಅದೇ ಸಾಲಿನಲ್ಲಿ ನಿಂತರು. ಒಂದು ವಿಶ್ವವಿದ್ಯಾನಿಲಯದ ಗತಿಯೇ ಹೀಗಾದರೆ, ಬಸ್ ನಿಲ್ದಾಣದೆದುರಿನ ಎರಡು ಕೋಣೆಗಳ ಕೇಂದ್ರದ ಪ್ರಮಾಣಪತ್ರವನ್ನು ಯಾವ ಧೈರ್ಯದಿಂದ ನಂಬುವುದು?

ಇನ್ನು ಕೇಂದ್ರದ ಒಳಗಿನ ಸಂಗತಿಗೆ ಬರೋಣ.

ನೈಲಿಟ್‌ನ 'ಸಿಸಿಸಿ' ಎಂಬ ಪ್ರಾಥಮಿಕ ಕೋರ್ಸು ಒಟ್ಟು 80 ಗಂಟೆಗಳದು. ಅದರಲ್ಲಿ 50 ಗಂಟೆ ಯಂತ್ರದ ಮುಂದೆ ಕುಳಿತು ಮಾಡುವ ಅಭ್ಯಾಸಕ್ಕೇ ಮೀಸಲು. ಕಂಪ್ಯೂಟರ್ ವಿದ್ಯೆ ಈಜಿನಂತೆ. ಭೀಮೆಯ ದಡದಲ್ಲಿ ನಿಂತು ಈಜಿನ ಕುರಿತು ಉಪನ್ಯಾಸ ಕೇಳಿದವನನ್ನು ನದಿ ಗುರುತಿಸುವುದಿಲ್ಲ. ಈಗ ಸರಳ ಲೆಕ್ಕವೊಂದನ್ನು ಮಾಡಿ. ಕೇಂದ್ರದಲ್ಲಿ 10 ಯಂತ್ರಗಳಿವೆ, ಒಂದು ತಂಡದಲ್ಲಿ 40 ಮಕ್ಕಳಿದ್ದಾರೆ, ಅಭ್ಯಾಸದ ಅವಧಿ ದಿನಕ್ಕೆ ಒಂದು ಗಂಟೆ. ಒಬ್ಬೊಬ್ಬರ ಪಾಲಿಗೆ ಬರುವುದು 15 ನಿಮಿಷ. 50 ಗಂಟೆ ತುಂಬಲು 200 ದಿನಗಳು ಬೇಕು. ಮೂರು ತಿಂಗಳ ಕೋರ್ಸಿನಲ್ಲಿ 200 ದಿನಗಳು ಎಲ್ಲಿಂದ ಬರುತ್ತವೆ? ನಡುವೆ ಕರೆಂಟು ಹೋದ ವೇಳೆಯನ್ನು ನಾನಿನ್ನೂ ಕಳೆದಿಲ್ಲ. 'ಎರಡು ತಿಂಗಳಲ್ಲಿ ಹನ್ನೆರಡು ವಿಷಯ' ಎಂಬ ಜಾಹೀರಾತನ್ನು ಕಂಡಾಗ ಪೋಷಕರು ಈ ಭಾಗಾಕಾರವನ್ನು ಅಲ್ಲಿಯೇ ನಿಂತು ಮಾಡಬೇಕು. ನಾಲ್ಕನೆಯ ತರಗತಿಯ ಲೆಕ್ಕವಿದು, ಇದಕ್ಕೆ ಕಂಪ್ಯೂಟರ್ ಜ್ಞಾನ ಬೇಕಾಗಿಲ್ಲ.

ಎರಡನೆಯದು, ಪಠ್ಯ ಹಳಸುವುದು. ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿ ತಂತ್ರಾಂಶವನ್ನು ಕಲಿಯದ ವಾಣಿಜ್ಯ ವಿದ್ಯಾರ್ಥಿ ನಮ್ಮಲ್ಲಿ ಅಪರೂಪ. ದಾಲ್ ಮಿಲ್ಲುಗಳ, ಅಡತಿ ಅಂಗಡಿಗಳ ಲೆಕ್ಕವೆಲ್ಲ ಅದರಲ್ಲಿಯೇ ನಡೆಯುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. ಅದುವರೆಗಿನ ವ್ಯಾಟ್ ಪಾಠಗಳು ಒಂದೇ ರಾತ್ರಿಯಲ್ಲಿ ಮೂಲೆ ಸೇರಿದವು. 2020ರಲ್ಲಿ ತಂತ್ರಾಂಶದ ಹೊಸ ಆವೃತ್ತಿ ಬಂದಿತು. 2022ರ ಜುಲೈ 18ರಂದು ಪೊಟ್ಟಣ ಕಟ್ಟಿ ಹೆಸರಿನ ಚೀಟಿ ಹಚ್ಚಿ ಮಾರುವ ಬೇಳೆಕಾಳುಗಳನ್ನು ತೆರಿಗೆಯ ವ್ಯಾಪ್ತಿಗೆ ತರಲಾಯಿತು. ಬಿಡಿಯಾಗಿ ಮಾರುವ ಬೇಳೆಗೆ ಅದು ಅನ್ವಯಿಸಲಿಲ್ಲ. ತೊಗರಿ ಬೇಳೆಯ ಊರಿನಲ್ಲಿ ಈ ವ್ಯತ್ಯಾಸವನ್ನು ತಿಳಿಯದ ಲೆಕ್ಕಿಗನನ್ನು ಮಿಲ್ಲಿನ ಸಾಹುಕಾರರು ಒಂದು ವಾರವೂ ಇಟ್ಟುಕೊಳ್ಳಲಾರರು. ಆದ್ದರಿಂದ ಕೇಂದ್ರಕ್ಕೆ ಹೋದಾಗ ಕಲಿಸುವ ಪುಸ್ತಕದ ಮುದ್ರಣ ವರ್ಷವನ್ನು ನೋಡಿ. ಅದೊಂದೇ ಪುಟ ಬಹಳಷ್ಟನ್ನು ಹೇಳಿಬಿಡುತ್ತದೆ.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ಶಿಕ್ಷಕರು. ನಮ್ಮ ಸಮುದಾಯದ ದಾನಿಗಳು ಉದಾರಿಗಳು. ಕೇಂದ್ರ ತೆರೆಯುತ್ತೇವೆ ಎಂದರೆ ಹತ್ತು ಕಂಪ್ಯೂಟರುಗಳು ಬರುತ್ತವೆ, ಪ್ರತಿಯೊಂದರ ಮೇಲೂ ಹೆಸರು ಬರೆಯಲಾಗುತ್ತದೆ, ರಿಬ್ಬನ್ ಕತ್ತರಿಸಲಾಗುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಶಿಕ್ಷಕನ ಮೂರು ವರ್ಷಗಳ ಸಂಬಳವನ್ನು ನಾನು ಕೊಡುತ್ತೇನೆ ಎನ್ನುವವರು ಮಾತ್ರ ಸಿಗುವುದಿಲ್ಲ. ಸಂಬಳದ ಮೇಲೆ ಹೆಸರು ಬರೆಯಲು ಜಾಗವಿಲ್ಲವಲ್ಲ! ಪರಿಣಾಮವಾಗಿ ಕಳೆದ ವರ್ಷ ಕಲಿತು ಮುಗಿಸಿದ ಹುಡುಗನೇ ಈ ವರ್ಷದ ಶಿಕ್ಷಕನಾಗುತ್ತಾನೆ. ಕಲಬುರಗಿಯಲ್ಲಿ ಎರಡು ಸಾವಿರ ಹೆಚ್ಚು ಸಿಕ್ಕ ಕೂಡಲೇ ಹೊರಟುಬಿಡುತ್ತಾನೆ. ಅವನನ್ನು ದೂರುವಂತಿಲ್ಲ. ಯಂತ್ರಗಳಿಗೆ ಕೊಟ್ಟಷ್ಟೇ ಗಮನವನ್ನು ಯಂತ್ರದ ಪಕ್ಕದಲ್ಲಿ ನಿಲ್ಲುವ ಮನುಷ್ಯನಿಗೂ ಕೊಡುವ ತನಕ ಗುಣಮಟ್ಟದ ಮಾತು ಬರಿಯ ಮಾತೇ.

ಈಗ ಒಂದು ಕಟುವಾದ ವಿಷಯ. ಸಮುದಾಯದ ಸಂಸ್ಥೆಗಳು ಉಚಿತವಾಗಿ ಅಥವಾ ಅಲ್ಪ ಶುಲ್ಕದಲ್ಲಿ ತರಬೇತಿ ನೀಡುತ್ತವೆ. ಇದು ಸ್ತುತ್ಯರ್ಹ. ಆದರೆ 'ಪುಕ್ಕಟೆ ಕಲಿಸುತ್ತಿದ್ದೇವೆ, ಇನ್ನೇನು ಬೇಕು?' ಎಂಬ ಧೋರಣೆ ಅದರ ಹಿಂದೆಯೇ ನುಸುಳುತ್ತದೆ. ಪರೀಕ್ಷೆಯ ದಿನ ಬಂದಾಗ 'ಬಡವರ ಹುಡುಗ, ಪಾಸು ಮಾಡಿಬಿಡಿ' ಎಂದು ಹಿರಿಯರೊಬ್ಬರು ಶಿಫಾರಸು ತರುತ್ತಾರೆ. ಇದು ಕರುಣೆಯಂತೆ ಕಾಣುತ್ತದೆ. ನಿಜದಲ್ಲಿ ಆ ಹುಡುಗನಿಗೆ ಮಾಡುವ ವಂಚನೆ. ಶ್ರೀಮಂತರ ಮಗನಿಗೆ ಪ್ರಮಾಣಪತ್ರ ಪೊಳ್ಳಾದರೂ ತಂದೆಯ ಅಂಗಡಿಯಿದೆ. ಬಡವನಿಗೆ ಆ ಕಾಗದ ಬಿಟ್ಟರೆ ಬೇರೇನಿದೆ? ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿಯವರು ಧಾನ್ಯದ ರಾಶಿಯೊಳಗೆ ಕೈಹಾಕಿ, ಮೇಲೆ ಒಣಗಿದ್ದು ಒಳಗೆ ತೇವವಾಗಿದ್ದುದನ್ನು ಕಂಡು ವ್ಯಾಪಾರಿಯನ್ನು ಎಚ್ಚರಿಸಿದ ಪ್ರಸಂಗ ನಿಮಗೆಲ್ಲ ತಿಳಿದಿದೆ. ಆ ರಾಶಿಗೂ ಕಲಿಯದವನಿಗೆ ಕೊಟ್ಟ ಪ್ರಥಮ ದರ್ಜೆಗೂ ನನಗೆ ಭೇದ ಕಾಣುವುದಿಲ್ಲ. ಶುಲ್ಕದಲ್ಲಿ ರಿಯಾಯಿತಿ ಇರಲಿ, ಪುಸ್ತಕ ಕೊಡಿಸಿ, ಬಸ್ ಪಾಸಿನ ಹಣ ಕೊಡಿ. ಅಂಕದಲ್ಲಿ ಮಾತ್ರ ಕೈ ಸಡಿಲಿಸಬೇಡಿ. ಅನುತ್ತೀರ್ಣನಾದವನಿಗೆ ಇನ್ನೊಂದು ತಿಂಗಳು ಉಚಿತವಾಗಿ ಕಲಿಸಿ ಮತ್ತೆ ಪರೀಕ್ಷೆಗೆ ಕೂರಿಸಿ. ನಿಜವಾದ ಕರುಣೆಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಾಚಾರ್ ಸಮಿತಿ 2006ರಲ್ಲಿ ವರದಿ ಒಪ್ಪಿಸಿದಂದಿನಿಂದ ಸರಕಾರಿ ಉದ್ಯೋಗದಲ್ಲಿ ನಮ್ಮ ಪಾಲು ಎಷ್ಟು ಕಡಿಮೆ ಎಂಬುದನ್ನು ನಾವು ಎಲ್ಲ ವೇದಿಕೆಗಳಿಂದಲೂ ಹೇಳುತ್ತಿದ್ದೇವೆ, ಹೇಳಲೇಬೇಕು. ಸಂವಿಧಾನದ 371ಜೆ ವಿಧಿಯ ಮೂಲಕ ನಮ್ಮ ಭಾಗದವರಿಗೆ ಉದ್ಯೋಗ ಮೀಸಲಾತಿಯ ಬಾಗಿಲು ತೆರೆದದ್ದೂ ನಿಜ. ಆದರೆ ರಾಜ್ಯ ಸರಕಾರವು 2012ರಲ್ಲಿ ನಿಯಮಗಳನ್ನು ರಚಿಸಿ ತನ್ನ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ವಿಧಿಸಿತು. ಆ ಪರೀಕ್ಷೆಯಲ್ಲಿ ಯಂತ್ರದ ಮುಂದೆ ಕುಳಿತು ಕನ್ನಡದಲ್ಲಿ ಬೆರಳಚ್ಚಿಸುವವನ ಹೆಸರಾಗಲಿ, ಸಮುದಾಯವಾಗಲಿ, ಶಿಫಾರಸಾಗಲಿ ಕೆಲಸಕ್ಕೆ ಬಾರದು. ಇಲ್ಲಿ ಇನ್ನೊಂದು ಮಾತು: ನಮ್ಮ ಕೆಲವು ಕೇಂದ್ರಗಳಲ್ಲಿ ಉರ್ದುವಿಗೆ ಇನ್‌ಪೇಜ್ ಕಲಿಸುತ್ತಾರೆ, ಕನ್ನಡದ 'ನುಡಿ'ಯನ್ನು ಕಡೆಯ ವಾರಕ್ಕೆ ತಳ್ಳುತ್ತಾರೆ. ಉರ್ದು ನಮ್ಮ ಮನೆಯ ಸಿರಿ, ಅದು ಇರಲಿ. ಆದರೆ ತಹಶೀಲ್ದಾರ್ ಕಚೇರಿಯ ಕಡತ ಕನ್ನಡದಲ್ಲಿದೆ, ಪಹಣಿಯೂ ಕನ್ನಡದಲ್ಲಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಗುಣಮಟ್ಟವೆಂದರೆ ಗಡಿಯಾರವೂ ಹೌದು. ಸಂಜೆ ಆರಕ್ಕೆ ಅಭ್ಯಾಸದ ಅವಧಿ ಇಟ್ಟರೆ ಹಳ್ಳಿಯ ಬಸ್ಸು ಹಿಡಿಯಬೇಕಾದ ಹುಡುಗಿ ಅರ್ಧಕ್ಕೆ ಎದ್ದು ಹೋಗುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳು ಇರುತ್ತಾಳೆ, ಯಂತ್ರದ ಮುಂದೆ ಇರುವುದಿಲ್ಲ. ಆಮೇಲೆ 'ಹುಡುಗಿಯರಿಗೆ ಆಸಕ್ತಿ ಇಲ್ಲ' ಎನ್ನುತ್ತೇವೆ. ಬಸ್ಸಿನ ವೇಳೆಯನ್ನು ಮುಂದಿಟ್ಟುಕೊಂಡು ತರಗತಿಯ ವೇಳಾಪಟ್ಟಿ ಬರೆಯುವುದಕ್ಕೆ ಯಾವ ಸರಕಾರದ ಅನುದಾನವೂ ಬೇಕಿಲ್ಲ.

ಕೇಂದ್ರಗಳನ್ನು ನಡೆಸುವ ಗೆಳೆಯರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ನಿಮ್ಮದೇ ಪ್ರಮಾಣಪತ್ರ ಕೊಡುವುದಿದ್ದರೆ ಕೊಡಿ. ಅದರ ಜೊತೆಗೆ ಪ್ರತಿ ವಿದ್ಯಾರ್ಥಿಯನ್ನೂ ಹೊರಗಿನ ಒಂದು ಪರೀಕ್ಷೆಗೆ ಕಳುಹಿಸಿ. ಸಿಸಿಸಿ ಪರೀಕ್ಷೆಗೆ ಯಾವ ಸಂಸ್ಥೆಯ ಹಂಗೂ ಇಲ್ಲದೆ ನೇರವಾಗಿಯೇ ಅರ್ಜಿ ಹಾಕಬಹುದು: 90 ನಿಮಿಷ, 100 ಪ್ರಶ್ನೆ, ತೇರ್ಗಡೆಗೆ ಶೇಕಡಾ 50. ಅದಾದ ಮೇಲೆ ಬಾಗಿಲ ಫಲಕದ ಕೆಳಗೆ ಮೂರು ಸಂಖ್ಯೆಗಳನ್ನು ಬರೆಸಿ: ಈ ವರ್ಷ ಸೇರಿದವರೆಷ್ಟು, ಹೊರಗಿನ ಪರೀಕ್ಷೆಗೆ ಕುಳಿತವರೆಷ್ಟು, ತೇರ್ಗಡೆಯಾದವರೆಷ್ಟು. ಮೂರನೆಯ ಸಂಖ್ಯೆ ಮೊದಲ ವರ್ಷ ಚಿಕ್ಕದಾಗಿಯೇ ಇರುತ್ತದೆ. ಜನ ಬೇರೆ ಕೇಂದ್ರಕ್ಕೆ ಹೋಗಿಬಿಟ್ಟಾರು ಎಂಬ ಅಂಜಿಕೆ ನಿಮಗಿದ್ದರೆ ಅದು ಸಹಜ. ಅದಕ್ಕಾಗಿಯೇ ಇಲ್ಲಿ ಕುಳಿತ ಪೋಷಕರಲ್ಲಿ ನನ್ನ ವಿನಂತಿ: ಚಿಕ್ಕ ಸಂಖ್ಯೆಯನ್ನು ಬರೆದವರ ಬಳಿಗೆ ಮೊದಲು ಹೋಗಿ, ಸಂಖ್ಯೆಯನ್ನೇ ಬರೆಯದವರ ಬಳಿಗೆ ಆಮೇಲೆ.