ಒಬ್ಬನ ಬೆಲೆ, ಹನ್ನೊಂದು ಜನರ ಲೆಕ್ಕ

ಭಾಮಿನೀ ಷಟ್ಪದಿಯ ಲೆಕ್ಕ ಕನ್ನಡ ಓದಿದವರಿಗೆ ಹೊಸದಲ್ಲ. ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಲ್ಲಿ 14 ಮಾತ್ರೆಗಳು. ಮೂರು ಮತ್ತು ಆರನೆಯ ಸಾಲುಗಳಲ್ಲಿ 23. ಎಲ್ಲವನ್ನೂ ಕೂಡಿದರೆ 102 ಮಾತ್ರೆಗಳು. ಕವಿ ಎಷ್ಟೇ ದೊಡ್ಡವನಾಗಿರಲಿ, ಅದರ ಮೇಲೆ ಒಂದು ಮಾತ್ರೆಯನ್ನೂ ಅವನಿಗೆ ಯಾರೂ ಸಾಲ ಕೊಡುವುದಿಲ್ಲ. ಭಾರವಾದ ಒಂದು ಪದವನ್ನು ತಂದು ಕೂರಿಸಬೇಕಾದರೆ ಹಗುರವಾದ ಎರಡು ಮೂರು ಪದಗಳನ್ನು ಎಬ್ಬಿಸಿ ಕಳುಹಿಸಬೇಕಾಗುತ್ತದೆ. ಆದುದರಿಂದ ಬಂದ ಪದ ಚೆನ್ನಾಗಿದೆಯೇ ಎಂದು ಕೇಳಿದರೆ ಸಾಲದು. ಅದು ಬಂದುದರಿಂದ ಪದ್ಯಕ್ಕೆ ಏನಾಯಿತು ಎಂದು ಕೇಳಬೇಕು.

ಶ್ರೋತೃಗಳೆ, ಈ ಹೊತ್ತು ನಾನು ಮಾತನಾಡಹೊರಟಿರುವುದು ಕಾವ್ಯವನ್ನು ಕುರಿತಲ್ಲ, ಕ್ರಿಕೆಟ್ಟನ್ನು ಕುರಿತು. ಅದರಲ್ಲಿಯೂ ಆಟಗಾರನೊಬ್ಬನನ್ನು ಒಂದು ತಂಡ ಇನ್ನೊಂದಕ್ಕೆ ಬಿಟ್ಟುಕೊಡುವ ವಿನಿಮಯವನ್ನು ಕುರಿತು. 2023ರ ನವೆಂಬರ್ ತಿಂಗಳಿನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವು ಆಸ್ಟ್ರೇಲಿಯದ ಕ್ಯಾಮರೂನ್ ಗ್ರೀನ್ ಎಂಬ ಯುವಕನನ್ನು ಮುಂಬಯಿ ಇಂಡಿಯನ್ಸ್ ತಂಡದಿಂದ ಪಡೆದುಕೊಂಡಿತು. ಬದಲಿಗೆ ಆಟಗಾರನನ್ನು ಕೊಡಲಿಲ್ಲ. ವ್ಯವಹಾರವೆಲ್ಲ ಹಣದಲ್ಲಿಯೇ ನಡೆಯಿತು. ಗ್ರೀನ್‌ನ ವೇತನ 17.5 ಕೋಟಿ ರೂಪಾಯಿ. ಅದೇ ತಂಡದಲ್ಲಿ ವಿರಾಟ್ ಕೊಹ್ಲಿಯವರ ವೇತನ ಆಗ 15 ಕೋಟಿ. ಈ ವಿನಿಮಯ ಒಳ್ಳೆಯದಾಗಿತ್ತೇ ಎಂಬ ಚರ್ಚೆ ನಮ್ಮ ನಾಡಿನ ಹೋಟೆಲುಗಳಲ್ಲಿಯೂ ಅರಳಿಕಟ್ಟೆಗಳಲ್ಲಿಯೂ ಬಹಳ ಕಾಲ ನಡೆಯಿತು. ಅದನ್ನು ಕ್ರಮವಾಗಿ ವಿವೇಚಿಸಬಹುದೆಂದು ನನಗೆ ತೋರಿದೆ.

ಮೊದಲು ನಿಯಮವನ್ನು ತಿಳಿಯೋಣ. ಐಪಿಎಲ್ ಪಂದ್ಯಾವಳಿಯಲ್ಲಿ ಪ್ರತಿ ತಂಡವೂ ಆಟಗಾರರ ವೇತನಕ್ಕೆ ಇಷ್ಟೇ ಹಣ ವೆಚ್ಚ ಮಾಡಬೇಕೆಂಬ ಮಿತಿಯಿದೆ. 2024ರ ಪಂದ್ಯಾವಳಿಗೆ ಅದು 100 ಕೋಟಿ ಆಗಿತ್ತು. ಒಡೆಯನ ಭಂಡಾರದಲ್ಲಿ ಸಾವಿರ ಕೋಟಿಯಿದ್ದರೂ ಥೈಲಿಯ ಬಾಯಿ ನೂರಕ್ಕೆ ಮುಚ್ಚಿಕೊಳ್ಳುತ್ತಿತ್ತು. ಇದರ ಜೊತೆಗೆ ಎರಡನೆಯದೊಂದು ಕಟ್ಟುಪಾಡೂ ಉಂಟು. ತಂಡದಲ್ಲಿ ವಿದೇಶೀಯರು ಎಂಟಕ್ಕಿಂತ ಹೆಚ್ಚಿರಬಾರದು. ಕಣಕ್ಕಿಳಿಯುವ ಹನ್ನೊಂದು ಜನರಲ್ಲಿ ನಾಲ್ವರು ಮಾತ್ರ. ಮಾತ್ರೆಯ ಲೆಕ್ಕದ ಜೊತೆಗೆ ಪ್ರಾಸವನ್ನೂ ಪಾಲಿಸಬೇಕಾದ ಕವಿಯ ಸ್ಥಿತಿ ತಂಡ ಕಟ್ಟುವವರದು.

ವಿನಿಮಯದ ಪದ್ಧತಿಯೂ ನಿನ್ನೆ ಮೊನ್ನೆಯದಲ್ಲ. 2009ರಲ್ಲಿಯೇ ಕೊಡಗಿನ ರಾಬಿನ್ ಉತ್ತಪ್ಪ ಮುಂಬಯಿಯಿಂದ ಬೆಂಗಳೂರಿಗೆ ಬಂದರು. ಜಹೀರ್ ಖಾನ್ ಬೆಂಗಳೂರಿನಿಂದ ಮುಂಬಯಿಗೆ ಹೋದರು. ಹೊರದೇಶಗಳಲ್ಲಂತೂ ಇದಕ್ಕೆ ದೀರ್ಘವಾದ ಇತಿಹಾಸವಿದೆ. ಕೆನಡ ಮತ್ತು ಅಮೆರಿಕಗಳಲ್ಲಿ ಮಂಜಿನ ಹಾಸಿನ ಮೇಲೆ ಆಡುವ ಐಸ್ ಹಾಕಿ ಬಹು ಜನಪ್ರಿಯವಾದ ಆಟ. ಅದರ ಪ್ರಸಿದ್ಧ ಆಟಗಾರ ವೇಯ್ನ್ ಗ್ರೆಟ್ಸ್ಕಿಯನ್ನು 1988ರಲ್ಲಿ ಎಡ್ಮಂಟನ್ ತಂಡವು ಲಾಸ್ ಏಂಜಲೀಸ್ ತಂಡಕ್ಕೆ ಬಿಟ್ಟುಕೊಟ್ಟಾಗ ವೇತನದ ಮಿತಿ ಎಂಬುದೇ ಇರಲಿಲ್ಲ. ಮುಂದೆ ಒಡೆಯರಿಗೂ ಆಟಗಾರರಿಗೂ ಜಗಳವಾಗಿ 2004–05ರ ಋತುವಿನ ಆಟವೆಲ್ಲ ನಿಂತುಹೋಯಿತು. 2005ರಲ್ಲಿ ಮಿತಿ ಜಾರಿಗೆ ಬಂದಿತು. ಅಲ್ಲಿ ಆಟಗಾರನನ್ನು ಕಳುಹಿಸಿಕೊಡುವ ತಂಡವು ಅವನ ವೇತನದಲ್ಲಿ ಅರ್ಧದವರೆಗೆ ತಾನೇ ಹೊತ್ತುಕೊಳ್ಳಲು ಅವಕಾಶವಿದೆ. ಗ್ರೀನ್‌ನ ವಿಷಯದಲ್ಲಿ ಅಂಥ ಹಂಚಿಕೆ ಇರಲಿಲ್ಲ. ಹದಿನೇಳೂವರೆ ಕೋಟಿಯ ಪೂರ್ಣ ಭಾರ ಬೆಂಗಳೂರಿನ ಲೆಕ್ಕಕ್ಕೆ ಬಂದಿತು.

ನಮ್ಮ ನುಗ್ಗೇಹಳ್ಳಿಯಲ್ಲಿ ಈ ಚರ್ಚೆ ಹೇಗೆ ನಡೆಯಿತೆಂಬುದನ್ನು ಇಲ್ಲಿ ಹೇಳಬೇಕು. ಯುವಕನೊಬ್ಬ ನನ್ನನ್ನು ಕೇಳಿದ: "ಮೇಷ್ಟ್ರೇ, ಹದಿನೇಳೂವರೆ ಕೋಟಿ ನೀರಿಗೆ ಹಾಕಿದ ಹಾಗಾಯ್ತು ಅಲ್ವಾ?" ನಾನು ಉತ್ತರಿಸುವುದಕ್ಕೆ ಮುಂಚೆ ಪಕ್ಕದಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ಹೇಳಿದರು: "ಎತ್ತು ಎಷ್ಟಕ್ಕೆ ತಂದ ಅಂತ ಕೇಳ್ಬೇಡ ಕಣ್ಲಾ ಮಗ. ಮನೇಲಿರೋ ಎತ್ತಿಗೆ ಜೋಡಿ ಆಯ್ತದಾ ಅಂತ ಕೇಳು. ಅದನ್ನ ತರಕ್ಕೆ ಕರೆಯೋ ಹಸಾ ಏನಾರ ಮಾರಿದ್ನಾ ಅಂತ ಕೇಳು."

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಬೂಕನಬೆಟ್ಟದ ದನಗಳ ಜಾತ್ರೆ ಹೆಸರಾದುದು. ಹಳ್ಳಿಕಾರ್ ಎತ್ತುಗಳ ವ್ಯಾಪಾರ ನೋಡುತ್ತ ಬೆಳೆದವರ ಮಾತು ಅದು. ಜಾತ್ರೆಗಳಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತನಾಡುವ ಪದ್ಧತಿಯುಂಟು; ನೋಡುವವರಿಗೆ ಕೈ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಐಪಿಎಲ್‌ನ ವಿನಿಮಯದಲ್ಲಿಯೂ ಒಂದು ತಂಡ ಇನ್ನೊಂದಕ್ಕೆ ಕೊಡುವ ವರ್ಗಾವಣೆಯ ಹಣವನ್ನು ಜನರ ಮುಂದೆ ಇಡುವ ವಾಡಿಕೆಯಿಲ್ಲ. ಅದು ವೇತನದ ಮಿತಿಯೊಳಗೂ ಸೇರುವುದಿಲ್ಲ. ಆದುದರಿಂದ ನಮ್ಮ ವಿವೇಚನೆಗೆ ಒದಗುವುದು ಟವಲಿನ ಹೊರಗಿನ ಲೆಕ್ಕ ಮಾತ್ರ. ಹಿರಿಯರು ಕೇಳಿದ ಎರಡು ಪ್ರಶ್ನೆಗಳನ್ನೇ ಹಿಡಿದು ಅದನ್ನು ನೋಡೋಣ.

ಮೊದಲನೆಯದು, ಜೋಡಿಯ ಪ್ರಶ್ನೆ. 2023ರ ಪಂದ್ಯಾವಳಿಯಲ್ಲಿ ಬೆಂಗಳೂರಿನ ರನ್ನುಗಳೆಲ್ಲ ಮೂವರ ಹೆಗಲ ಮೇಲೆ ನಿಂತಿದ್ದವು. ಡು ಪ್ಲೆಸಿ 730, ಕೊಹ್ಲಿ 639, ಮ್ಯಾಕ್ಸ್‌ವೆಲ್ 400. ಇವರ ಅನಂತರ ಬರುವವರಲ್ಲಿ ನೆಚ್ಚಬಹುದಾದ ಬಲ ಕಡಿಮೆ. ಅದೇ ವರ್ಷ ಗ್ರೀನ್ ಮುಂಬಯಿಯ ಪರವಾಗಿ ಒಂದು ಶತಕವೂ ಸೇರಿ 452 ರನ್ ಗಳಿಸಿದ್ದ. ಜೊತೆಗೆ ವೇಗದ ಬೌಲಿಂಗೂ ಬಲ್ಲವನು. ಅಂಥವನನ್ನು ತರಬೇಕೆಂದು ಯೋಚಿಸಿದುದರಲ್ಲಿ ಅವಿವೇಕವೇನೂ ಇರಲಿಲ್ಲ. 2024ರಲ್ಲಿ ಅವನು 13 ಪಂದ್ಯಗಳಲ್ಲಿ 255 ರನ್ ಮಾಡಿ 10 ವಿಕೆಟ್ ಪಡೆದ. ಮೊದಮೊದಲು ತಡವರಿಸಿದರೂ ಮೇ 18ರಂದು ಚೆನ್ನೈ ವಿರುದ್ಧ 17 ಎಸೆತಗಳಲ್ಲಿ ಔಟಾಗದೆ 38 ರನ್ ಹೊಡೆದ. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿದ್ದ ತಂಡ ಅನಂತರದ ಆರನ್ನೂ ಗೆದ್ದು ಮುಂದಿನ ಸುತ್ತಿಗೆ ಏರಿತು. ಹದಿನೇಳೂವರೆ ಕೋಟಿಗೆ ಇದು ಸಾಲದು ಎನ್ನಬಹುದು. ಆದರೆ ನೀರಿಗೆ ಹಾಕಿದ್ದಾಯಿತು ಎಂದರೆ ಅನ್ಯಾಯವಾಗುತ್ತದೆ.

ಎರಡನೆಯದು, ಮಾರಿದ ಹಸುವಿನ ಪ್ರಶ್ನೆ. ಆ ನವೆಂಬರಿನಲ್ಲಿ ತಂಡವು ಹಲವರನ್ನು ಕೈಬಿಟ್ಟಿತು. ಅವರಲ್ಲಿ ಮೂವರು ಮುಖ್ಯರು: 10.75 ಕೋಟಿಯ ಹರ್ಷಲ್ ಪಟೇಲ್, 10.75 ಕೋಟಿಯ ಹಸರಂಗ, 7.75 ಕೋಟಿಯ ಹೇಜಲ್‌ವುಡ್. ಒಟ್ಟು 29.25 ಕೋಟಿ. ಮೂವರೂ ಬೌಲರುಗಳು ಎಂಬುದನ್ನು ಗಮನಿಸಬೇಕು. ಹೀಗೆ ಥೈಲಿಯಲ್ಲಿ 40.75 ಕೋಟಿಯ ಜಾಗವಾಯಿತು. ಗ್ರೀನ್ ಬಂದ ಮೇಲೆ ಉಳಿದದ್ದು 23.25 ಕೋಟಿ. ಡಿಸೆಂಬರ್ 19ರಂದು ದುಬೈನಲ್ಲಿ ಹರಾಜು ನಡೆದಾಗ ಎಲ್ಲ ತಂಡಗಳೂ ವೇಗದ ಬೌಲರುಗಳಿಗಾಗಿ ಮುಗಿಬಿದ್ದವು. ಸ್ಟಾರ್ಕ್ 24.75 ಕೋಟಿಗೂ ಕಮಿನ್ಸ್ 20.50 ಕೋಟಿಗೂ ಏರಿದರು. ಬೆಂಗಳೂರು ತನ್ನಲ್ಲಿದ್ದ ಹಣದ ಅರ್ಧದಷ್ಟನ್ನು, ಎಂದರೆ 11.5 ಕೋಟಿಯನ್ನು, ವೆಸ್ಟ್ ಇಂಡೀಸಿನ ಅಲ್ಜಾರಿ ಜೋಸೆಫ್‌ಗೆ ಕೊಟ್ಟಿತು. ಆತ ಆಡಿದ್ದು ಮೂರು ಪಂದ್ಯ. ಪಡೆದದ್ದು ಒಂದು ವಿಕೆಟ್. ಕಣಜದ ಕಾಳು ಮಾರಿ ಬರಗಾಲದಲ್ಲಿ ಕಾಳು ಕೊಳ್ಳಹೋದವನ ಸ್ಥಿತಿ ಇದು. ಏಪ್ರಿಲ್ 15ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೈದರಾಬಾದಿನವರು ಮೂರು ವಿಕೆಟ್ಟಿಗೆ 287 ರನ್ ಹೊಡೆದರು. ಐಪಿಎಲ್‌ನಲ್ಲಿ ಅಲ್ಲಿಯವರೆಗೆ ಅಷ್ಟು ರನ್ನನ್ನು ಯಾವ ತಂಡವೂ ಹೊಡೆದಿರಲಿಲ್ಲ.

ಬಿಟ್ಟುಹೋದವರು ಏನಾದರು? ಹರ್ಷಲರನ್ನು ಪಂಜಾಬ್ 11.75 ಕೋಟಿಗೆ ಕೊಂಡಿತು. ಅವರು 24 ವಿಕೆಟ್ ಪಡೆದು ಆ ವರ್ಷದ ಎಲ್ಲ ಬೌಲರುಗಳಲ್ಲಿ ಮೊದಲಿಗರಾದರು. ಆದರೂ ಪಂಜಾಬ್ ಒಂಬತ್ತನೆಯ ಸ್ಥಾನದಲ್ಲಿ ಉಳಿಯಿತು. ಹಸರಂಗ ಗಾಯಗೊಂಡು ಆಡಲೇ ಇಲ್ಲ. ಅವರನ್ನು ಬಿಟ್ಟದ್ದು ಲಾಭವೇ ಆಯಿತು. ಹೇಜಲ್‌ವುಡ್ ಆ ಸಾಲಿನ ಬಹುಭಾಗಕ್ಕೆ ದೊರೆಯುವಂತಿರಲಿಲ್ಲ. ಹೀಗೆ ಮೂರು ಬಿಡುಗಡೆಗಳಲ್ಲಿ ಒಂದು ಸರಿ, ಒಂದು ಅನಿವಾರ್ಯ, ಒಂದು ನಷ್ಟ. ಅತ್ತ ಮುಂಬಯಿಯವರು ಗ್ರೀನ್‌ನಿಂದ ತೆರವಾದ ಹದಿನೇಳೂವರೆ ಕೋಟಿಯಲ್ಲಿ 15 ಕೋಟಿಗೆ ಹಾರ್ದಿಕ್ ಪಾಂಡ್ಯರನ್ನು ಗುಜರಾತಿನಿಂದ ಕರೆತಂದರು; ಇನ್ನೂ ಎರಡೂವರೆ ಕೋಟಿ ಉಳಿಯಿತು. ಕಾಗದದ ಮೇಲೆ ಇದಕ್ಕಿಂತ ಜಾಣತನದ ವ್ಯವಹಾರವಿಲ್ಲ. ಕಣದಲ್ಲಿ ಮುಂಬಯಿ 14 ಪಂದ್ಯಗಳಲ್ಲಿ ನಾಲ್ಕನ್ನು ಮಾತ್ರ ಗೆದ್ದು ಹತ್ತನೆಯ, ಎಂದರೆ ಕಟ್ಟಕಡೆಯ, ಸ್ಥಾನಕ್ಕೆ ಇಳಿಯಿತು.

ಇದರಿಂದ ನನಗೆ ತೋರುವ ನಿರ್ಣಯವಿಷ್ಟು. ವಿನಿಮಯವೊಂದನ್ನು ಬಂದವನ ರನ್ನಿನಿಂದ ಅಳೆಯಬಾರದು, ಅವನ ಬೆಲೆಯಿಂದಲೂ ಅಳೆಯಬಾರದು. ಮಿತಿಯಿರುವೆಡೆ ಪ್ರತಿಯೊಂದು ರೂಪಾಯಿಗೂ ಇನ್ನೊಬ್ಬ ಹಕ್ಕುದಾರ ಇರುತ್ತಾನೆ. ಆ ಹಕ್ಕುದಾರ ಯಾರಾಗಿದ್ದ ಎಂಬುದೇ ನಿಜವಾದ ಅಳತೆ. ಗ್ರೀನ್‌ನನ್ನು ತಂದದ್ದು ಸರಿ. ಅವನಿಗಾಗಿ ಜಾಗ ಬಿಡಿಸಿದ ರೀತಿ ದುಬಾರಿ. ಇದನ್ನು ಕೇವಲ ಫಲ ನೋಡಿ ಹೇಳುವ ಮಾತೆಂದು ತಿಳಿಯಬಾರದು. ಜೋಸೆಫ್ ಒಂದೇ ವಿಕೆಟ್ ಪಡೆಯುವನೆಂದು ಯಾರಿಗೂ ಮೊದಲೇ ಗೊತ್ತಿರಲಿಲ್ಲ, ನಿಜ. ಆದರೆ ಚಿಕ್ಕ ಮೈದಾನದ ತಂಡವೊಂದು ತನ್ನ ಬೌಲರುಗಳಲ್ಲಿ ಮೂವರನ್ನು ಒಮ್ಮೆಗೇ ಬಿಟ್ಟರೆ ಹರಾಜಿನಲ್ಲಿ ಪರರ ಬೆಲೆಗೆ ತಲೆಬಾಗಬೇಕಾಗುತ್ತದೆ ಎಂಬುದು ನವೆಂಬರಿನಲ್ಲಿಯೇ ಗೊತ್ತಿದ್ದ ಸಂಗತಿ.

ಹರ್ಷಲ್ ಪಟೇಲರ ಕಥೆ ಇದಕ್ಕೆ ಇನ್ನೊಂದು ಮುಖ. 2021ರ ಆರಂಭದಲ್ಲಿ ಅವರೂ ದೆಹಲಿಯಿಂದ ಬೆಂಗಳೂರಿಗೆ ವಿನಿಮಯದಲ್ಲಿಯೇ ಬಂದವರು. ಆಗಿನ ವೇತನ 20 ಲಕ್ಷ ರೂಪಾಯಿ. ಆ ವರ್ಷ ಅವರು ಪಡೆದದ್ದು 32 ವಿಕೆಟ್, ಅಂದಿಗೆ ದಾಖಲೆಗೆ ಸಮ. ಪತ್ರಿಕೆಗಳ ತಲೆಬರಹದಲ್ಲಿ ಕಾಣದ ಒಂದು ಲಘು ಇಡೀ ಪದ್ಯವನ್ನು ಎತ್ತಿ ನಿಲ್ಲಿಸಿತ್ತು.

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ಮಹಾ ಹರಾಜು ನಡೆದಾಗ ಮಿತಿ 120 ಕೋಟಿಗೆ ಏರಿತ್ತು. ಬೆಂಗಳೂರು ಮೂವರನ್ನು 37 ಕೋಟಿಗೆ ಉಳಿಸಿಕೊಂಡು 83 ಕೋಟಿಯೊಂದಿಗೆ ಹೋಯಿತು. ನಮ್ಮ ಕನ್ನಡಿಗ ರಾಹುಲ್ ಬರಲಿ ಎಂದು ಇಲ್ಲಿ ಅನೇಕರು ಹಾರೈಸಿದ್ದರು. ಅವರು 14 ಕೋಟಿಗೆ ದೆಹಲಿಯ ಪಾಲಾದರು. ಊರಿನ ಅಭಿಮಾನಕ್ಕೆ ಅದು ನೋವಿನ ಸಂಗತಿಯೇ. ಆದರೆ ತಂಡ ಈ ಹರಾಜಿನಲ್ಲಿ ಯಾರೊಬ್ಬರಿಗೂ ಅಷ್ಟು ಸುರಿಯಲಿಲ್ಲ. ಹಿಂದೆ ಬಿಟ್ಟಿದ್ದ ಹೇಜಲ್‌ವುಡ್‌ರನ್ನು 12.5 ಕೋಟಿಗೆ ಮರಳಿ ತಂದಿತು; ಭುವನೇಶ್ವರ್‌ಗೆ 10.75, ಕೃಣಾಲ್ ಪಾಂಡ್ಯರಿಗೆ 5.75. ಭಾರ ಎಲ್ಲ ಸಾಲುಗಳಿಗೂ ಹಂಚಿಹೋಯಿತು. ಹೇಜಲ್‌ವುಡ್ 22 ವಿಕೆಟ್ ಪಡೆದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ತಂಡ ಮೊದಲ ಸಲ ಪ್ರಶಸ್ತಿ ಪಡೆಯಿತು. ಅಂತಿಮ ಪಂದ್ಯದ ಶ್ರೇಷ್ಠ ಆಟಗಾರ ಕೃಣಾಲ್. ಮರುದಿನ ಬೆಂಗಳೂರಿನ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಆ ದುಃಖವನ್ನು ನೆನೆಯದೆ ಆ ಗೆಲುವನ್ನು ಹೇಳಲು ನನಗೆ ಮನಸ್ಸು ಬಾರದು. ಅದಕ್ಕೆ ಯಾವ ಲೆಕ್ಕವೂ ಇಲ್ಲ.

ಗ್ರೀನ್‌ನ ಬೆಲೆ ಅಲ್ಲಿಗೆ ನಿಲ್ಲಲಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯಿಂದ 2025ರ ಪಂದ್ಯಾವಳಿಯಲ್ಲಿ ಆಡದಿದ್ದ ಅವನನ್ನು ಆ ವರ್ಷದ ಡಿಸೆಂಬರಿನಲ್ಲಿ ಅಬುಧಾಬಿಯ ಹರಾಜಿನಲ್ಲಿ ಕೋಲ್ಕತಾ ತಂಡ 25.20 ಕೋಟಿಗೆ ಕೊಂಡಿತು. ಆದರೆ ಸಣ್ಣ ಹರಾಜಿನಲ್ಲಿ ಬರುವ ವಿದೇಶೀಯರಿಗೆ ಹೊಸ ನಿಯಮವಿದ್ದುದರಿಂದ ಅವನ ಕೈಸೇರುವುದು 18 ಕೋಟಿ. ಉಳಿದದ್ದು ಕ್ರಿಕೆಟ್ ಮಂಡಳಿಯ ಮೂಲಕ ಆಟಗಾರರ ಹಿತಕ್ಕೆ. ಬೆಲೆಯೇ ಬೇರೆ, ಸಂಬಳವೇ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ನಮ್ಮೂರಿನ ಹುಡುಗರು ಆಟಗಾರರನ್ನು ಈಗ ಬೆಲೆಯಿಂದಲೇ ಗುರುತಿಸುತ್ತಾರೆ. "ಹನ್ನೊಂದು ಕೋಟಿಯವನು ಕ್ಯಾಚ್ ಬಿಟ್ಟ" ಎನ್ನುತ್ತಾರೆ. ಆ ಬೆಲೆಯನ್ನು ಆತ ಕಟ್ಟಿಕೊಂಡದ್ದಲ್ಲ. ಬೇರೆಯವರು ಕೈಯೆತ್ತಿ ಕೂಗಿದ್ದು. ಬೈಯಬೇಕಾದರೆ ಥೈಲಿ ಹಿಡಿದವರನ್ನು ಬೈಯಲಿ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಅಲ್ಲಿಯ ಮೂರ್ತಿಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳ ಹೆಸರುಗಳಿವೆ. ಒಡೆಯರು ಕರೆದ ಕಡೆಗೆ ಹೋಗಿ ದುಡಿದ ಕಸುಬುದಾರರು ಅವರು. ಕೂಲಿಯನ್ನೂ ಪಡೆದೇ ಇರಬೇಕು. ಕಲ್ಲಿನ ಮೇಲೆ ಇರುವುದು ಹೆಸರು. ಅದರ ಮುಂದೆ ಮೊತ್ತವಿಲ್ಲ. ಲೆಕ್ಕವನ್ನು ತಂಡ ಕಟ್ಟುವವರಿಗೆ ಒಪ್ಪಿಸಿ, ಆಟಗಾರನನ್ನು ಹೆಸರು ಹಿಡಿದು ಕರೆಯುವಷ್ಟು ಸೌಜನ್ಯವನ್ನು ನಮ್ಮ ಹುಡುಗರು ಉಳಿಸಿಕೊಂಡಾರೆಂದು ನಾನು ನಂಬುತ್ತೇನೆ.