ಮನೆಯವರ ದುಡಿಮೆಗೂ ಕೂಲಿ



ತರಕಾರಿ ಸಸಿಗಳ ಒಂದು ಸಣ್ಣ ನರ್ಸರಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ತಿಂಗಳಿಗೆ 40,000 ಸಸಿ, ಸಸಿಗೆ 1 ರೂಪಾಯಿ. ಬೀಜ, ತೆಂಗಿನ ನಾರಿನ ಪುಡಿ, ಪ್ರೋಟ್ರೇಗಳ ಸವಕಳಿ, ವಿದ್ಯುತ್ತು, ಬಡ್ಡಿ ಸೇರಿ ಖರ್ಚು 28,000 ರೂಪಾಯಿ. ಉಳಿದ 12,000 ರೂಪಾಯಿಯನ್ನು ಮನೆಯವರು ಲಾಭವೆನ್ನುತ್ತಾರೆ. ಆದರೆ ಗಂಡ ಹೆಂಡತಿ ತಲಾ 25 ದಿನ ದುಡಿದಿದ್ದಾರೆ. ಅದೇ ಕೆಲಸಕ್ಕೆ ಆಳು ಕರೆದರೆ, ದಿನಕ್ಕೆ 400ರಂತೆ, 20,000 ರೂಪಾಯಿ ಕೊಡಬೇಕು. ಅಂದರೆ 8,000 ರೂಪಾಯಿ ನಷ್ಟ. ಪ್ರತಿ ಸಸಿಯೂ 20 ಪೈಸೆ ಕಡಿಮೆಗೆ ಹೋಗಿದೆ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೂ ಬೆಳೆಯ ವೆಚ್ಚ ಲೆಕ್ಕಹಾಕುವಾಗ ಮನೆಮಂದಿಯ ದುಡಿಮೆಗೆ ಬೆಲೆ ಕಟ್ಟುತ್ತದೆ. ರೈತನ ಸ್ವಂತ ಪುಸ್ತಕದಲ್ಲಿ ಮಾತ್ರ ಆ ಕಾಲಂ ಇರುವುದಿಲ್ಲ!

ಆರಂಭದ ತಿಂಗಳುಗಳಲ್ಲಿ ಪೂರ್ತಿ ಕೂಲಿ ಗಿಟ್ಟದಿರಬಹುದು. ಆಗ ಗೊತ್ತಾದ ದಿನ 6,000 ರೂಪಾಯಿಯನ್ನಾದರೂ ಮನೆಗೆ ತೆಗೆದು, ಮಿಕ್ಕ 14,000 ರೂಪಾಯಿಯನ್ನು ನರ್ಸರಿ ತೀರಿಸಬೇಕಾದ ಬಾಕಿಯೆಂದು ಬರೆಯಬೇಕು. ಬೇಕೆಂದಾಗಲೆಲ್ಲ ಗಲ್ಲಾಕ್ಕೆ ಕೈ ಹಾಕಿದರೆ ಹಬ್ಬದ ತಿಂಗಳಲ್ಲಿ ಬೀಜದ ಹಣವೇ ಕರಗುತ್ತದೆ. ಹೆಂಡತಿಯ ಪಾಲನ್ನು ಆಕೆಯ ಖಾತೆಗೇ ಹಾಕುವುದು ನ್ಯಾಯ. ಇನ್ನೊಂದು ನೆರಳು ಪರದೆ ಕೊಳ್ಳುವ ಮುನ್ನ ಈ ಕಾಲಂ ನೋಡಿ. ತಿಂಗಳ ಬಾಕಿ ಇಳಿಯುತ್ತಿಲ್ಲವಾದರೆ ಮೊದಲು ಸಸಿಯ ದರ ಸರಿಪಡಿಸಿಕೊಳ್ಳಿ, ವಿಸ್ತರಣೆ ಆಮೇಲೆ.