ಮಾವಿನ ಸಿಪ್ಪೆ, ವಾಟೆ ಮತ್ತು ನಾಡಹಂದಿ



ಶ್ರೀನಿವಾಸಪುರ, ಮುಳಬಾಗಿಲು ಸೀಮೆಯಲ್ಲಿ ಮೇ ತಿಂಗಳಿನಿಂದ ಜುಲೈವರೆಗೆ ಗಾಳಿಗೆ ಉದುರಿದ ತೋತಾಪುರಿ, ಮಂಡಿಯಲ್ಲಿ ಬೆಲೆ ಸಿಗದ ಹಣ್ಣು, ರಸ ತೆಗೆದ ಸಿಪ್ಪೆ ಎಲ್ಲವೂ ತಿಪ್ಪೆ ಸೇರುತ್ತವೆ. ಕೋಲಾರ, ಮಾಲೂರಿನ ಕಡೆ ಧಾರಣೆ ಕುಸಿದಾಗ ಟೊಮೇಟೊ ರಸ್ತೆಬದಿಗೆ ಬೀಳುವುದೂ ಉಂಟು. ಇವನ್ನು ನಾಡಹಂದಿಗೆ ಉಣಿಸಬಹುದು. ಆದರೆ ಹಣ್ಣೊಂದರಿಂದಲೇ ಹಂದಿ ಬೆಳೆಯದು.

ಸಿಪ್ಪೆಯಲ್ಲಿ ಮುಕ್ಕಾಲು ಪಾಲು ನೀರು. ಸಕ್ಕರೆ ಉಂಟು, ಸಸಾರಜನಕ ಅತ್ಯಲ್ಪ. ಬೆಳೆಯುವ ಮರಿಯ ಒಣ ಆಹಾರದಲ್ಲಿ ಸಸಾರಜನಕ ಶೇಕಡ 16ರ ಆಸುಪಾಸು ಇರಬೇಕು. ಆದ್ದರಿಂದ ರಾಗಿ ನುಚ್ಚು, ತೌಡಿನ ಜೊತೆ ಕಡಲೆಕಾಯಿ ಹಿಂಡಿ, ಸ್ವಲ್ಪ ಖನಿಜ ಮಿಶ್ರಣ ಬೇಕೇ ಬೇಕು. ಬೂಷ್ಟು ಹಿಡಿದ ಹಿಂಡಿ ವಿಷ, ಅಗ್ಗವೆಂದು ತರಬಾರದು.

ವಾಟೆಯೊಳಗಿನ ಬೀಜದಲ್ಲಿ ಪಿಷ್ಟ ಹೇರಳ, ಒಗರೂ ಹೇರಳ. ಈ ಒಗರಿನ ಟ್ಯಾನಿನ್ ಸಸಾರಜನಕ ಜೀರ್ಣವಾಗದಂತೆ ತಡೆಯುತ್ತದೆ. ಬೀಜ ಬಿಡಿಸಿ, ಚೂರು ಮಾಡಿ, ನೆನೆಸಿ, ಬೇಯಿಸಿ, ಆ ನೀರನ್ನು ಚೆಲ್ಲಿ, ಒಣಗಿಸಿ ಪುಡಿ ಮಾಡಬೇಕು. ಮೊದಲಿಗೆ ಒಣ ಆಹಾರದ ಹತ್ತನೆಯ ಒಂದು ಪಾಲು ಸಾಕು. ಟೊಮೇಟೊ ಮಾಗಿದ್ದಾದರೆ ಸರಿ. ಗಿಡ, ಎಲೆ, ಹಸಿರು ಕಾಯಿ ಬೇಡ. ಹೊಸದಾಗಿ ಔಷಧಿ ಸಿಂಪಡಿಸಿದ ತೋಟದ ಹಣ್ಣೂ ಬೇಡ.

ಹೇಳಲು ಸಂಕೋಚವಾದರೂ ಇನ್ನೊಂದು ಮಾತು. ಗೂಡಿನಲ್ಲೇ ಹೊಟ್ಟೆ ತುಂಬಿದ ಹಂದಿಯನ್ನು ಬಯಲಿಗೆ ಬಿಡಬೇಕಾಗಿಲ್ಲ. ಮನುಷ್ಯರ ಮಲ ತಿಂದ ಹಂದಿಯ ಮಾಂಸದಲ್ಲಿ ಲಾಡಿಹುಳುವಿನ ಕೋಶಗಳು ಬೆಳೆಯುತ್ತವೆ. ಅಂಥ ಮಾಂಸವನ್ನು ಅರೆಬೇಯಿಸಿ ತಿಂದವನ ಕರುಳಿನಲ್ಲಿ ಹುಳು ನೆಲೆಸುತ್ತದೆ. ಅವನ ಮಲದ ಮೊಟ್ಟೆಗಳು ನೀರು, ಸೊಪ್ಪಿನ ಮೂಲಕ ಹಂದಿಯನ್ನೇ ತಿನ್ನದವರ ಮಿದುಳಿಗೂ ತಗುಲಿ ಮೂರ್ಛೆರೋಗ ತರಬಲ್ಲವು.

ಹಂಗಾಮು ಮುಗಿಯುವ ಮುನ್ನ ಸಿಪ್ಪೆಯನ್ನು ತೌಡಿನೊಂದಿಗೆ ಬೆರೆಸಿ, ಪೀಪಾಯಿಯಲ್ಲಿ ಗಾಳಿಯಾಡದಂತೆ ಒತ್ತಿ ಮುಚ್ಚಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ರಸಮೇವು ಸಿದ್ಧ. ಹುಳಿವಾಸನೆ ಇದ್ದರೆ ಉಣಿಸಿ. ಕೊಳೆತ ನಾತ ಬಂದರೆ ಗೊಬ್ಬರದ ಗುಂಡಿಗೆ ಹಾಕಿ.